ಸುವರ್ಣಯುಗಕ್ಕೆ ಸಿಗ್ನಲ್ ಇಲ್ಲ

ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಟಿಟಿ ಹತ್ತಿದಾಗ ನಾವು ಹನ್ನೊಂದು ಜನ ನೆಂಟರು. ಬಂಡೀಪುರ ದಾಟುವ ಹೊತ್ತಿಗೆ ಐದು ಪಕ್ಷ. ಜಗಳ ಆಸ್ತಿಯದಲ್ಲ, ಆಸ್ತಿಯದಾಗಿದ್ದರೆ ನಡುವೆ ಬಂದು ಬಾಯಿ ಹಾಕಲು ಒಬ್ಬ ವಕೀಲನಾದರೂ ಇರುತ್ತಿದ್ದ. ಗಾಡಿಯ ಬ್ಲೂಟೂತ್‌ಗೆ ಯಾರ ಫೋನು ಜೋಡಿಸಬೇಕು ಎಂಬುದು ತಕರಾರು.

ಭಾವನ ಪ್ರಕಾರ ಕನ್ನಡ ಹಾಡು 1974ರಲ್ಲಿ ಸತ್ತುಹೋಯಿತು. ಅಕ್ಕನ ಪ್ರಕಾರ ಅದು ಹುಟ್ಟಿದ್ದೇ ಆ ವರ್ಷ. 'ಸಂಪತ್ತಿಗೆ ಸವಾಲ್' ಬಂದ ವರ್ಷ ಅದು. ಎಮ್ಮೆ ಮೇಲೆ ಕೂತು ರಾಜ್‌ಕುಮಾರ್ ತಮ್ಮದೇ ದನಿಯಲ್ಲಿ ಹಾಡಿದರು, ಜನ ಹುಚ್ಚೆದ್ದರು, ಅಲ್ಲಿಯವರೆಗೆ ಅವರ ಕಂಠವಾಗಿದ್ದ ಪಿ.ಬಿ. ಶ್ರೀನಿವಾಸ್ ಮೆಲ್ಲಗೆ ಹಿಂದೆ ಸರಿದರು. 'ಅವತ್ತೇ ಮುಗೀತು' ಎನ್ನುತ್ತಾರೆ ಭಾವ. 'ಅವತ್ತೇ ಶುರುವಾಯ್ತು' ಎನ್ನುತ್ತಾಳೆ ಅಕ್ಕ. ನಲವತ್ತೈದು ವರ್ಷದ ಸಂಸಾರದಲ್ಲಿ ಉಪ್ಪು, ಸೊಸೆ, ಸೈಟು ಎಲ್ಲದರಲ್ಲೂ ರಾಜಿಯಾಗಿದೆ. ಆ ಎಮ್ಮೆಯೊಂದು ಇನ್ನೂ ಇಬ್ಬರ ನಡುವೆ ಅಡ್ಡ ಮಲಗಿದೆ.

ಚಿಕ್ಕಪ್ಪನಿಗೆ ಎಂಬತ್ತನಾಲ್ಕು. ಸಿನಿಮಾ ಹಾಡು ಹಾಡೇ ಅಲ್ಲ ಎಂಬುದು ಅವರ ನಿಲುವು. ಚರ್ಚೆ ಶುರುವಾದ ಕೂಡಲೇ ಕಿವಿಯ ಮೆಷಿನ್ ಆಫ್ ಮಾಡಿ ಕಾಡು ನೋಡುತ್ತ ಕೂತರು. ನಾಯ್ಸ್ ಕ್ಯಾನ್ಸಲೇಶನ್‌ಗೆಂದು ನನ್ನ ಮಗಳು ಇಪ್ಪತ್ತು ಸಾವಿರ ಕೊಟ್ಟಿದ್ದಾಳೆ. ಚಿಕ್ಕಪ್ಪನಿಗೆ ಅದು ವಯಸ್ಸಿನ ಜೊತೆ ಪುಕ್ಕಟೆ ಬಂದಿದೆ.

ಇನ್ನು ನಾನು. ನನ್ನ ಸುವರ್ಣಯುಗ 1987ರದ್ದು, 'ಪ್ರೇಮಲೋಕ'ದ್ದು, ಹಂಸಲೇಖ ಅವರದ್ದು, ಕ್ಯಾಸೆಟ್ಟಿನದ್ದು. ಆಗ ನನಗೆ ಹದಿನೇಳು. ಇದು ಕಾಕತಾಳೀಯ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲರ ಸುವರ್ಣಯುಗವೂ ಅವರವರ ಮೀಸೆ ಚಿಗುರಿದ ಆಸುಪಾಸಿನಲ್ಲೇ ಬರುತ್ತದೆ ಎಂದು. 1989ರಲ್ಲಿ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಅಮೆರಿಕದ ಮೇಷ್ಟ್ರುಗಳು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿ ಅಂಕ ಹಾಕಿಸಿದರು. ಜನ ಅತಿ ಹೆಚ್ಚು ಅಂಕ ಕೊಟ್ಟದ್ದು ತಮಗೆ ಸುಮಾರು ಇಪ್ಪತ್ನಾಲ್ಕು ವಯಸ್ಸಾಗಿದ್ದಾಗ ಬಂದ ಹಾಡುಗಳಿಗೆ. ಇಬ್ಬರೂ ಸಂಗೀತದ ಮೇಷ್ಟ್ರುಗಳಲ್ಲ, ಮಾರ್ಕೆಟಿಂಗ್‌ನವರು. ಯಾರಿಗೆ ಯಾವ ವಯಸ್ಸಿನ ನೆನಪನ್ನು ತೂಗಿ ಮಾರಬಹುದು ಎಂಬುದು ಗಾಯಕರಿಗಿಂತ ಅವರಿಗೇ ಮೊದಲು ಗೊತ್ತಾಗಬೇಕಲ್ಲ. ಅಂದರೆ ಭಾವ ಅಳುತ್ತಿರುವುದು ಪಿ.ಬಿ. ಶ್ರೀನಿವಾಸ್‌ಗಾಗಿ ಅಲ್ಲ, ತಲೆಯ ಮೇಲೆ ಅಂದು ಇದ್ದ ಕೂದಲಿಗಾಗಿ. ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ಗಾಡಿ ಬಾಡಿಗೆ ಕೊಟ್ಟವರು ಅವರು.

ನನ್ನ ಯುಗದ ಚಿನ್ನದ ಬಗ್ಗೆಯೂ ಒಂದು ತಪ್ಪೊಪ್ಪಿಗೆ ಇದೆ. ಅದು ಬಹುಪಾಲು ಕಳ್ಳಮಾಲು. ಮೈಸೂರಿನ ಒಂದು ಅಂಗಡಿಗೆ ಖಾಲಿ ಕ್ಯಾಸೆಟ್ಟು, ಜೊತೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡಿನ ಪಟ್ಟಿ ಕೊಟ್ಟು ಬರುತ್ತಿದ್ದೆವು. ನಾಲ್ಕು ದಿನ ಬಿಟ್ಟು ಹೋದರೆ ಅಂಗಡಿಯವ ತುಂಬಿಸಿ ಕೊಡುತ್ತಿದ್ದ. ಅರವತ್ತು ನಿಮಿಷದ್ದು ಒಳ್ಳೆಯದು, ತೊಂಬತ್ತರದ್ದು ರೀಲು ತೆಳು, ಸಿಕ್ಕಿಹಾಕಿಕೊಳ್ಳುತ್ತೆ, ಎಂದು ಅವನೇ ಬುದ್ಧಿ ಹೇಳುತ್ತಿದ್ದ. ಸಿಕ್ಕಿಕೊಂಡ ರೀಲನ್ನು ಪೆನ್ಸಿಲ್ ತೂರಿಸಿ ಸುತ್ತುವುದು ನಮ್ಮ ಪೀಳಿಗೆಯ ಏಕೈಕ ತಾಂತ್ರಿಕ ಶಿಕ್ಷಣ. ಬಿ ಸೈಡಿನ ಕೊನೆಗೆ ಎರಡು ನಿಮಿಷ ಮಿಕ್ಕಿದರೆ ಅವನು ಜಿಪುಣತನ ಮಾಡುತ್ತಿರಲಿಲ್ಲ, ಇನ್ನೊಂದು ಹಾಡು ಶುರು ಮಾಡಿಬಿಡುತ್ತಿದ್ದ. ಎರಡನೇ ಚರಣದ ಮೂರನೇ ಸಾಲಿಗೆ ಟಕ್ ಎಂದು ರೀಲು ಮುಗಿಯುತ್ತಿತ್ತು. ಆ ಹಾಡನ್ನು ಈಗ ಪೂರ್ತಿ ಕೇಳಿದರೆ ನನಗೆ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಟಕ್ ಇಲ್ಲದ ಹಾಡು ನನ್ನ ಹಾಡಲ್ಲ.

ಅಕ್ಕನ ಮಗನದು ಇನ್ನೊಂದು ಮತ. 'ಮುಂಗಾರು ಮಳೆ' ತೆರೆ ಕಂಡದ್ದು 2006ರ ಡಿಸೆಂಬರ್ ಕೊನೆಗೆ. ಅವನ ಪ್ರಕಾರ ಕನ್ನಡ ಸಂಗೀತದ ಶಕೆ ಅಲ್ಲಿಂದ ಎಣಿಸಬೇಕು. ಅವನ ಕಾಲದ ಮಹಾ ಆವಿಷ್ಕಾರ ಕಾಲರ್ ಟ್ಯೂನ್. ಮನುಷ್ಯ ಹಾಡು ಕೇಳಲು ಕಂಡುಕೊಂಡ ದಾರಿಗಳಲ್ಲಿ ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿಲ್ಲ: ತಿಂಗಳು ತಿಂಗಳು ದುಡ್ಡು ಕೊಟ್ಟವನಿಗೆ ಹಾಡು ಕೇಳಿಸುವುದಿಲ್ಲ, ಕೇಳಿಸುವುದು, ಕೊಟ್ಟ ಸಾಲ ವಾಪಸ್ ಕೇಳಲು ಫೋನ್ ಮಾಡಿದವನಿಗೆ. ಅವನೂ ಹಾಡು ಬೇಗ ನಿಲ್ಲಲಿ ಎಂದೇ ಪ್ರಾರ್ಥಿಸುತ್ತಿರುತ್ತಾನೆ. ಆ ದಿನಗಳಲ್ಲಿ ನಾನು ಈ ಹುಡುಗನಿಗೆ ಫೋನ್ ಮಾಡಿದಾಗಲೆಲ್ಲ ಮೂವತ್ತು ಸೆಕೆಂಡ್ ಮಳೆಯಲ್ಲಿ ನೆನೆದು ಆಮೇಲೆ ಮಾತಾಡುತ್ತಿದ್ದೆ.

ನನ್ನ ಮಗಳಿಗೆ ಹತ್ತೊಂಬತ್ತು. ಅವಳಿಗೆ ಯುಗ ಗಿಗ ಇಲ್ಲ, ಪ್ಲೇಲಿಸ್ಟ್ ಇದೆ. ಓದುವಾಗ ಒಂದು, ಸ್ನಾನಕ್ಕೆ ಒಂದು, ಬೇಜಾರಾದರೆ ಒಂದು, ಬೇಜಾರಾಗಬೇಕು ಅನ್ನಿಸಿದರೆ ಇನ್ನೊಂದು. ಕಾಲೇಜಿನ ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾಳೆ, ಹಾಡನ್ನು ಮಾತ್ರ ಬೇಕೆಂದೇ ನಿಧಾನ ಮಾಡಿಸಿಕೊಂಡು, ಬಾವಿಯೊಳಗಿಂದ ಬಂದಂತೆ ಪ್ರತಿಧ್ವನಿ ಸೇರಿಸಿದ್ದನ್ನು ಕೇಳುತ್ತಾಳೆ. ನಮ್ಮ ಕಾಲದಲ್ಲಿ ಟೇಪ್ ರೆಕಾರ್ಡರಿನ ಸೆಲ್ ಮುಗಿದಾಗ ಬರುತ್ತಿದ್ದ ದನಿ ಅದು. ನಾವು ಅಂಗಡಿಗೆ ಓಡಿ ಹೊಸ ಸೆಲ್ ತರುತ್ತಿದ್ದೆವು; ಈಗ ಅದಕ್ಕೆ ಲಕ್ಷಾಂತರ ಲೈಕು.

'ಈಗಿನ ಹಾಡು ಹಾಡೇನೇ? ಎರಡೂವರೆ ನಿಮಿಷಕ್ಕೆ ಮುಗಿದೇ ಹೋಗುತ್ತೆ' ಎಂದರು ಭಾವ. ಚಿಕ್ಕಪ್ಪ ಅದೇ ಹೊತ್ತಿಗೆ ಮೆಷಿನ್ ಆನ್ ಮಾಡಿದ್ದರು. 'ನಮ್ಮಪ್ಪನ ಪ್ಲೇಟು ಮೂರು ನಿಮಿಷಕ್ಕೆ ಮುಗೀತಿತ್ತಪ್ಪ' ಎಂದು ಮತ್ತೆ ಆಫ್ ಮಾಡಿದರು.

ಮಾತು ನಿಜ. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಪ್ಲೇಟಿಗೆ ಹಾಡಿದ್ದು ಮೂರು ನಿಮಿಷಕ್ಕೇ. ರಾತ್ರಿಯಿಡೀ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ, ಕೊನೆಗೆ ತನ್ನ ಹೆಸರನ್ನೂ ತಾನೇ ಕೂಗಿ ಹೇಳಿದಳು. ಪ್ಲೇಟಿನಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಹಾಡು. ಈಗ ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ದಾಟಿದರೆ ಮಾತ್ರ 'ಒಂದು ಸಲ ಕೇಳಿದರು' ಎಂದು ಲೆಕ್ಕ. ಹಾಗಾಗಿ ಮೂವತ್ತೊಂದನೇ ಸೆಕೆಂಡಿನವರೆಗೆ ಕೇಳುಗನ ಕಾಲು ಹಿಡಿದು ಕೂರಿಸಲು ಏನೇನು ಬೇಕೋ ಎಲ್ಲವನ್ನೂ ಮೊದಲೇ ಸುರಿಯುತ್ತಾರೆ. ಆಲಾಪ ಗೀಲಾಪ ಅಂತ ಗಂಟಲು ಸರಿಮಾಡಿಕೊಳ್ಳಲು ಹೋದರೆ ಕೇಳುಗ ಆಗಲೇ ಮುಂದಿನ ಹಾಡಿಗೆ ಹಾರಿರುತ್ತಾನೆ.

ಹಿಂದೆ ಎಲ್ಲ ಸರಿಯಿತ್ತು ಎನ್ನುವವರಿಗೆ ಇನ್ನೂ ಒಂದು ವಿಷಯ. ಭಾವ ಕಣ್ಣಿಗೊತ್ತಿಕೊಳ್ಳುವ ಸಿನಿಮಾ ಹಾಡನ್ನು ಸರ್ಕಾರವೇ ಒಮ್ಮೆ ಹೊರಗೆ ಹಾಕಿತ್ತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಕೀಳು ಅಭಿರುಚಿ, ದೇಶದ ಕಿವಿ ಕೆಡುತ್ತದೆ ಎಂಬ ಚಿಂತೆ. ಆಕಾಶವಾಣಿಯಲ್ಲಿ ಅದಕ್ಕೆ ಬಾಗಿಲು ಹಾಕಿದರು. ಜನ ವಾದಕ್ಕೆ ಹೋಗಲಿಲ್ಲ, ರೇಡಿಯೊ ಕಿವಿ ಹಿಂಡಿ ಸಿಲೋನ್ ಹಾಕಿಕೊಂಡರು. ಐದು ವರ್ಷ ದೇಶದ ಕಿವಿಯೆಲ್ಲ ಕೊಲಂಬೊದಲ್ಲಿತ್ತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆದು ಸರ್ಕಾರ ಮುಖ ಉಳಿಸಿಕೊಂಡಿತು. ಹಾರ್ಮೋನಿಯಮ್ಮಿನ ಪಾಡು ಇನ್ನೂ ಕಷ್ಟ. 1940ರಲ್ಲಿ ರೇಡಿಯೊದಿಂದ ಹೊರಬಿದ್ದದ್ದು ಒಳಗೆ ಬರಲು 1971 ಆಗಬೇಕಾಯಿತು. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದಾಗ (ಮುಂದೆ ದೇಶಕ್ಕೇ 'ಆಕಾಶವಾಣಿ' ಎಂಬ ಹೆಸರು ಹೋದದ್ದು ಅಲ್ಲಿಂದಲೇ), ಆಕಾಶಕ್ಕೂ ಒಬ್ಬ ಗೇಟ್‌ಕೀಪರ್ ಬರುತ್ತಾನೆ ಎಂದು ಯಾರು ಎಣಿಸಿದ್ದರು? ರೇಡಿಯೊ ಕೇಳಲು ಲೈಸೆನ್ಸ್ ಬೇರೆ ಬೇಕಿತ್ತು. ವರ್ಷ ವರ್ಷ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಈಗ ಅದಕ್ಕೆ ಸಬ್‌ಸ್ಕ್ರಿಪ್ಶನ್ ಎನ್ನುತ್ತಾರೆ, ಕ್ಯೂ ಇಲ್ಲ ಅಷ್ಟೇ.

ಗೂಡಲೂರು ದಾಟಿ, ಪೈಕಾರ ದಾಟಿ ಊಟಿ ಸೇರಿದೆವು. ನಮ್ಮ ಟಿಟಿ ಡ್ರೈವರು ಅಲ್ಲಿಂದ ಮುಂದೆ ಬರಲಾರೆ ಎಂದ. ರಸ್ತೆಗೆ ಹೆದರಿ ಎಂದು ಅವನೆಂದ, ನಮ್ಮ ವಾದಕ್ಕೆ ಹೆದರಿ ಎಂದು ನನ್ನ ಗುಮಾನಿ. ನಾವು ನೋಡಲು ಹೊರಟಿದ್ದ ಅವಲಾಂಚ್‌ಗೆ ಅಲ್ಲಿಯವರದೇ ಒಂದು ಹಳೆಯ ವ್ಯಾನ್ ಹಿಡಿದೆವು. ಡ್ರೈವರ್ ನೀಲಗಿರಿಯ ಬಡಗ ಸಮುದಾಯದ ಹುಡುಗ, ಎಮರಾಲ್ಡ್ ಎಂಬ ಊರಿನ ಕಡೆಯ ಹಟ್ಟಿಯವನು. ಇಕ್ಕೆಲದಲ್ಲಿ ಚಹಾ ತೋಟ, ಕ್ಯಾರೆಟ್ಟಿನ ಪಾತಿ, ಬೂದು ಮೋಡ.

ಎಮರಾಲ್ಡ್ ದಾಟಿದ ಮೇಲೆ ಅದು ನಡೆಯಿತು. ಫೋನಿನಲ್ಲಿ ಹಾಡುತ್ತಿದ್ದ ಗಾಯಕಿ ಬಾಯಿ ತೆರೆದ ಹಾಗೇ ನಿಂತುಬಿಟ್ಟಳು. ತೆರೆಯ ಮೇಲೆ ಉಂಗುರ ತಿರುಗತೊಡಗಿತು. ಹನ್ನೊಂದು ಜನ, ಹದಿಮೂರು ಫೋನು, ಎಲ್ಲದರಲ್ಲೂ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಉದುರಿದವು. ನಮ್ಮ ಹತ್ತಿರ ಹತ್ತು ಕೋಟಿ ಹಾಡಿವೆ ಎಂದು ಈ ಆ್ಯಪ್‌ಗಳೇ ಜಾಹೀರಾತು ಹಾಕುತ್ತವೆ. ಆ ಹತ್ತು ಕೋಟಿಯಲ್ಲಿ ನಮ್ಮದು ಎನ್ನುವುದು ಒಂದೂ ಇರಲಿಲ್ಲ. 1974, 1987, 2006, ಮೂರೂ ಯುಗಗಳು ಒಂದೇ ತಿರುವಿನಲ್ಲಿ ಅಂತ್ಯ ಕಂಡವು. ನನ್ನ ಕಳ್ಳ ಕ್ಯಾಸೆಟ್ಟಾದರೂ ಕೈಯಲ್ಲಿತ್ತು!

'ಅಣ್ಣಾ, ಹಾಡು ಹಾಕಲಾ?' ಎಂದ ಡ್ರೈವರ್. ಡ್ಯಾಶ್‌ಬೋರ್ಡಿನ ಕಿಂಡಿಯಲ್ಲಿ ಉಗುರಿನಷ್ಟು ಪೆನ್‌ಡ್ರೈವ್ ಇತ್ತು, ಅದಕ್ಕೊಂದು ಕಪ್ಪು ದಾರ ಕಟ್ಟಿದ್ದ. ದೃಷ್ಟಿಯಾಗದಿರಲಿ ಎಂದೋ, ಕಳೆಯದಿರಲಿ ಎಂದೋ ಕೇಳಲಿಲ್ಲ. ಗುಂಡಿ ಒತ್ತಿದ. ಗಿಟಾರು, ಪಿಟೀಲು, ಇಳಯರಾಜ ಅವರದೇ ಎಂದು ಮೊದಲ ಸ್ವರಕ್ಕೇ ಗೊತ್ತಾಗುವಂಥದ್ದು.

'ಇದು ಹಳೇ ಮೊಬೈಲ್ ಕಂಪನಿ ಆ್ಯಡ್‌ದಲ್ವಾ ಮಾಮಾ?' ಎಂದ ಅಕ್ಕನ ಮಗ.

ಅದು 'ಪಲ್ಲವಿ ಅನುಪಲ್ಲವಿ'. 1983ರ ಕನ್ನಡ ಸಿನಿಮಾ, ಮಣಿರತ್ನಂ ಅವರ ಮೊದಲ ಚಿತ್ರ. ಆ ರಾಗವನ್ನು ಮುಂದೆ ಒಂದು ಮೊಬೈಲ್ ಕಂಪನಿ ತನ್ನ ಜಾಹೀರಾತಿಗೆ ಹಚ್ಚಿಕೊಂಡಿತು. ಕನ್ನಡದ ಹುಡುಗನಿಗೆ ಅದು ಸಿಮ್ ಕಾರ್ಡಿನ ರಾಗ. ನೀಲಗಿರಿಯ ಬಡಗ ಹುಡುಗನ ದಾರ ಕಟ್ಟಿದ ಪೆನ್‌ಡ್ರೈವಿನಲ್ಲಿ ಅದು ಹಾಡಾಗಿಯೇ ಉಳಿದಿದೆ.

ಮುಂದಿನದು ತಮಟೆಯ ಪೆಟ್ಟಿಗೆ ಕುಣಿಯುವ ಹಾಡು. ಭಾವ ನೆಟ್ಟಗೆ ಕೂತರು. ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ಜಾರುತ್ತಿತ್ತು. ಕಣ್ಣಲ್ಲಿ ನೀರೇ ಬಂತು ಅವರಿಗೆ. 'ಕೇಳ್ರೋ, ಇದು ಹಳಗನ್ನಡ! ಎಷ್ಟು ಶತಮಾನದ ಹಿಂದಿನ ಹಾಡೋ! ನಾವು ಕಳಕೊಂಡಿದ್ದನ್ನ ಈ ಜನ ಕಾಪಾಡಿಕೊಂಡಿದ್ದಾರೆ.'

'ಇದು ಬಡಗು ಸಾರ್' ಎಂದ ಹುಡುಗ. 'ಹೋದ ತಿಂಗಳು ಬಂದ ಹಾಡು.'

ಆಮೇಲಿನ ಎರಡು ಕಿಲೋಮೀಟರ್ ಭಾವ ಮೋಡ ನೋಡಿದರು. ಬಡಗು, ಅಂದರೆ ಉತ್ತರ. ಮೈಸೂರು ಸೀಮೆಯಿಂದ ಬಂದವರು ಎಂದು ಈ ಜನ ಹೇಳಿಕೊಳ್ಳುತ್ತಾರೆ. ನಮ್ಮ ಕಡೆಯಿಂದ ಬಂದವರು ಎಂದರೆ ಸಾಕು, ಅವರನ್ನು ಉಪ್ಪಿನಕಾಯಿ ಭರಣಿಯೊಳಗಿಟ್ಟು ನೋಡುತ್ತೇವೆ. ಅವರು ಹಬ್ಬಕ್ಕೆ ಹೊಸ ಹಾಡು ಕಟ್ಟಿ ಕುಣಿಯುತ್ತಿದ್ದರೆ ನಮಗೇ ನಿರಾಸೆ.

ಹಾಡಿನ ವಿಷಯದಲ್ಲಿ ಜಗಳ ಆಡುವುದನ್ನು ಈ ಬೆಟ್ಟದವರಿಂದ ಕಲಿಯಬೇಕು. ಹಿಂದೆ ಇಲ್ಲಿಯ ಸಮುದಾಯಗಳಲ್ಲಿ ಕೋತರು ಕಬ್ಬಿಣದ ಕತ್ತಿ, ಗುದ್ದಲಿ, ಮಣ್ಣಿನ ಮಡಕೆ ಮಾಡಿಕೊಡುತ್ತಿದ್ದರು, ಬಡಗರು ಧಾನ್ಯ ಕೊಡುತ್ತಿದ್ದರು, ತೋಡರದು ತುಪ್ಪ, ಕುರುಂಬರದು ಜೇನು. ಬಡಗರ ಮನೆಯಲ್ಲಿ ಸಾವಾದರೆ ಊದುವಾದ್ಯ, ತಮಟೆ ಹಿಡಿದು ಕೋತರೇ ಬರಬೇಕಿತ್ತು. 1930ರ ದಶಕದ ಹೊತ್ತಿಗೆ ಬಡಗರಲ್ಲಿ ಇಂಗ್ಲಿಷ್ ಓದಿದ ಸುಧಾರಣಾವಾದಿಗಳು ಎದ್ದರು. ಹೆಣದ ಮುಂದೆ ಈ ಬಾಜಾಬಜಂತ್ರಿ ನಾಗರಿಕರಿಗೆ ತಕ್ಕದ್ದಲ್ಲ, ಕೋತರ ವಾದ್ಯ ಬೇಡ ಎಂದರು. ವಾದ್ಯವಿಲ್ಲದೆ ಸತ್ತವರನ್ನು ಕಳಿಸುವುದು ಹೇಗೆ ಎಂದು ಹಳಬರು ಪಟ್ಟು ಹಿಡಿದರು. ವಾದ್ಯ ಬೇಕು ಎನ್ನುವವರು, ಬೇಡ ಎನ್ನುವವರು ಎಂದು ಸಮುದಾಯವೇ ಎರಡು ಪಂಗಡವಾಯಿತು. ಆಗ ಇಲ್ಲಿದ್ದ ಡೇವಿಡ್ ಮ್ಯಾಂಡಲ್‌ಬಾಮ್ ಎಂಬ ಮಾನವಶಾಸ್ತ್ರಜ್ಞ ಅದನ್ನು ಬರೆದಿಟ್ಟಿದ್ದಾನೆ. ಜಗಳ ಅಂದರೆ ಅದು. ನಮ್ಮದೇನು, ಸ್ಕಿಪ್ ಒತ್ತಿದರೆ ಮುಗಿಯಿತು.

ಕೋತರಲ್ಲಿ ಇನ್ನೊಂದು ಕಟ್ಟುಪಾಡು ಇದೆ. ದೇವರಿಗೆ ನುಡಿಸುವ ಸ್ವರ ಬೇರೆ, ಸಾವಿಗೆ ನುಡಿಸುವ ಸ್ವರ ಬೇರೆ. ಒಂದನ್ನು ಇನ್ನೊಂದರ ಜಾಗದಲ್ಲಿ ನುಡಿಸುವಂತಿಲ್ಲ. ನನ್ನ ಫೋನಿನಲ್ಲಿ ಶಫಲ್ ಎಂಬ ಗುಂಡಿ ಇದೆ. ಮಾವನವರ ತಿಥಿಯ ದಿನ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಮುಗಿದ ಮರುಕ್ಷಣ ಅದು ಒಂದು ಐಟಂ ಸಾಂಗ್ ಹಾಕಿತು. ಪುರೋಹಿತರು ತಲೆ ಎತ್ತಲಿಲ್ಲ. ಕಾಲು ಮಾತ್ರ ತಾಳ ಹಾಕುತ್ತಿತ್ತು.

ಅವಲಾಂಚ್ ಗೇಟಿನ ಹತ್ತಿರ ಇಳಿದೆವು. ಒಳಗೆ ಹೋಗಲು ಅರಣ್ಯ ಇಲಾಖೆಯ ಗಾಡಿಗೆ ಕಾಯಬೇಕು. ಅಕ್ಕನ ಮಗ ಬ್ಯಾಗಿನಿಂದ ತೆಂಗಿನಕಾಯಿ ಗಾತ್ರದ ಸ್ಪೀಕರ್ ತೆಗೆದ. ಗಾರ್ಡ್ ಬೆರಳು ಆಡಿಸಿದ. ಇಲ್ಲಿ ಸದ್ದು ಮಾಡುವಂತಿಲ್ಲ. 'ಸ್ವಲ್ಪ ಸಣ್ಣಕ್ಕೆ ಅಣ್ಣಾ, ಮಳೆ ಹಾಡು, ಮೂಡ್ ಬರುತ್ತೆ' ಎಂದು ಇವನು ಗೋಗರೆದ. ಗಾರ್ಡಿಗೆ ಮಳೆಯ ವಿಷಯದಲ್ಲಿ ಯಾವ ಮೂಡೂ ಇದ್ದಂತೆ ಕಾಣಲಿಲ್ಲ. ಹೇಗಿರುತ್ತದೆ? 2019ರ ಆಗಸ್ಟ್‌ನಲ್ಲಿ ಈ ಜಾಗದಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 911 ಮಿಲಿಮೀಟರ್ ಮಳೆ ಸುರಿದಿದೆ. ಬೆಂಗಳೂರು ಇಡೀ ವರ್ಷಕ್ಕೆ ಕಾಣುವ ಮಳೆಗೆ ಹತ್ತಿರ ಹತ್ತಿರ ಅಷ್ಟು, ಒಂದೇ ಹಗಲು ರಾತ್ರಿಯಲ್ಲಿ. ಹಿಂದೊಮ್ಮೆ ಗುಡ್ಡ ಜಾರಿದ್ದರಿಂದಲೇ ಬ್ರಿಟಿಷರು ಈ ಜಾಗಕ್ಕೆ ಅವಲಾಂಚ್ ಎಂದು ಹೆಸರಿಟ್ಟದ್ದು. ಮಳೆಹಾಡಿಗೆ ಇಲ್ಲಿ ಗಿರಾಕಿಗಳಿಲ್ಲ.

ಸರಿ, ಅಂತ್ಯಾಕ್ಷರಿ ಆಡೋಣ ಎಂದಳು ಮಗಳು. ಆಗ ನಮ್ಮೆಲ್ಲರ ಬಂಡವಾಳ ಬಯಲಿಗೆ ಬಂತು. ಸುವರ್ಣಯುಗದ ವಕ್ತಾರರಾದ ಭಾವ ಪಲ್ಲವಿ ಹಾಡಿದರು, ಅನುಪಲ್ಲವಿಗೆ 'ತಾನನಾ' ಎಂದರು. ನಾನು ಚರಣದಲ್ಲಿ ಎಡವಿದೆ. ಅಕ್ಕನ ಮಗ ಕಾಲರ್ ಟ್ಯೂನಿನ ಮೂವತ್ತು ಸೆಕೆಂಡ್ ಮುಗಿದೊಡನೆ ನಿಂತ, ಅವನಿಗೆ ಅಷ್ಟೇ ಬರುವುದು. ಮಗಳದು ಹದಿನೈದು ಸೆಕೆಂಡ್. ರೀಲ್ಸ್‌ನಲ್ಲಿ ಬರುವ ತುಂಡು. ಅದರ ಹಿಂದೆ ಮುಂದೆ ಏನಿದೆ ಅಂತ ಕೇಳಿದರೆ, 'ಗೊತ್ತಿಲ್ಲಪ್ಪ, ಯಾರೂ ಕೇಳಲ್ಲ' ಎಂದಳು.

ಅಕ್ಕನೊಬ್ಬಳೇ ಪೂರ್ತಿ ಹಾಡಿದಳು. ಎಲ್ಲ ಚರಣ, ನಡುವಿನ ವಾದ್ಯಗಳನ್ನೂ ಬಾಯಲ್ಲೇ. ಟೆಂಟ್ ಸಿನಿಮಾದ ಹೊರಗೆ ಚಿಲ್ಲರೆ ಪೈಸೆಗೆ ಮಾರುತ್ತಿದ್ದ ಹಾಡಿನ ಪುಸ್ತಕ ಕೊಂಡು, ರೇಡಿಯೊದಲ್ಲಿ ಅದು ಮತ್ತೆ ಯಾವತ್ತು ಬರುತ್ತದೋ ಎಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದಳಂತೆ. ಚಿಕ್ಕಪ್ಪ ಮೆಷಿನ್ ಆನ್ ಮಾಡಿಕೊಂಡಿದ್ದರು. ಗಾರ್ಡ್ ಬೆರಳು ಆಡಿಸಲಿಲ್ಲ. ಭಾವನಂತೂ ಆ ಎಮ್ಮೆ ಹಾಡನ್ನು ತಲೆ ತಗ್ಗಿಸಿ ಕೊನೆಯವರೆಗೆ ಕೇಳಿಸಿಕೊಂಡರು. ಮುಗಿದ ಮೇಲೆ, 'ಶ್ರೀನಿವಾಸ್ ಹಾಡಿದ್ದಿದ್ದರೆ...' ಎಂದು ಶುರು ಮಾಡಿದರು. ಅಷ್ಟರಲ್ಲಿ ಇಲಾಖೆಯ ಗಾಡಿ ಬಂತು.

ಮಗಳು ಅದನ್ನು ಫೋನಿನಲ್ಲಿ ಹಿಡಿದಿದ್ದಳು. ವಾಪಸು ಬರುವಾಗ ಎಮರಾಲ್ಡ್ ಹತ್ತಿರ ಕಡ್ಡಿಗಳು ಮೂಡಿದ ಕೂಡಲೇ ಹದಿನೈದು ಸೆಕೆಂಡಿಗೆ ಕತ್ತರಿಸಿ, ಸ್ವಲ್ಪ ನಿಧಾನ ಮಾಡಿ, ಬಾವಿಯ ಪ್ರತಿಧ್ವನಿ ಸೇರಿಸಿ ಏರಿಸಿದಳು. ಮುಂದಿನ ಸೀಟಿನಲ್ಲಿದ್ದ ಅಕ್ಕ ತನ್ನ ಫೋನಿನಲ್ಲಿ ಅದನ್ನು ನೋಡಿ, 'ಯಾರೇ ಇದು, ಜ್ವರ ಬಂದವಳ ಥರ ಹಾಡ್ತಿದಾಳೆ?' ಎಂದಳು. ಅಷ್ಟು ಹೊತ್ತಿಗೆ ಹನ್ನೊಂದು ಜನರ ಕಿವಿಯಲ್ಲೂ ತಂತಿಯೋ ಮೊಗ್ಗೋ ಸೇರಿಕೊಂಡಿತ್ತು, ಉತ್ತರ ಕೊಡಲು ಯಾರಿಗೂ ಪ್ರಶ್ನೆ ಕೇಳಿಸಲಿಲ್ಲ. 1979ರಲ್ಲಿ ಸೋನಿ ಮೊದಲ ವಾಕ್‌ಮನ್ ಮಾಡಿದಾಗ ಅದರಲ್ಲಿ ಇಯರ್‌ಫೋನಿಗೆ ಎರಡು ಕಿಂಡಿ ಇಟ್ಟಿತ್ತು. ಒಬ್ಬನೇ ಕೇಳುವುದು ಮರ್ಯಾದೆಯಲ್ಲ, ಪಕ್ಕದವರಿಗೂ ಒಂದು ಇರಲಿ ಎಂದು. ಕೊಂಡವರು ಎರಡನೆಯದನ್ನು ಬಳಸಲಿಲ್ಲ, ಕಂಪನಿಯೂ ಆಮೇಲೆ ಅದನ್ನು ತೆಗೆದುಹಾಕಿತು.

ಬೆಂಗಳೂರಿಗೆ ಬಂದವನೇ ನಾನೂ ಒಂದು ಪೆನ್‌ಡ್ರೈವ್ ಕೊಂಡೆ. ಅಕ್ಕನಿಂದ ಪಟ್ಟಿ ಬರೆಸಿಕೊಂಡು, ಹಳೆಯ ಕಂಪ್ಯೂಟರಿರುವ ಗೆಳೆಯನ ಮನೆಯಲ್ಲಿ ಕೂತು ಇನ್ನೂರು ಹಾಡು ತುಂಬಿಸಿದೆ, ಕಪ್ಪು ದಾರವನ್ನೂ ಕಟ್ಟಿದೆ. ಮನೆಗೆ ತಂದು ನೋಡಿದರೆ, ಹೊಸ ಲ್ಯಾಪ್‌ಟಾಪಿನಲ್ಲಿ, ಹೊಸ ಕಾರಿನಲ್ಲಿ ಅದು ಹಿಡಿಸುವ ಕಿಂಡಿಯೇ ಇಲ್ಲ.